ಬಿಚ್ಚಲಾಗದ ಸೇತುವೆ

ಮುಂದಿನ ಕೋಣೆಯೆಂದರೆ ಮನೆಗೆ ಮುಖ ಇದ್ದ ಹಾಗೆ ಎನ್ನುತ್ತಿದ್ದ ಮೇಸ್ತ್ರಿ. ತನ್ನ ಮನೆಯ ಆ ಮುಖವನ್ನು ಅವನೇ ಕಟ್ಟಿದ್ದ. ದುಡಿಯುವ ದಿನಗಳಲ್ಲಿ ಊರವರ ಗೋಡೆ ಎಬ್ಬಿಸಿ, ರಜೆಯ ದಿನ ತನ್ನ ಮನೆಗೆ ಒಂದೊಂದು ವರಸೆ ಇಟ್ಟಿಗೆ ಏರಿಸಿ, ಚಾವಣಿ ಬಿದ್ದ ದಿನ, ಮೇಲಿರುವವನು ಕೊಟ್ಟ ಆಯಸ್ಸಿನಲ್ಲಿ ಇಷ್ಟು ನೆರಳಾದರೂ ನನ್ನ ಕೈಯಿಂದ ಆಯಿತಲ್ಲ ಎಂದು ಕಣ್ಣು ಮುಚ್ಚಿ ಕೈ ಮುಗಿದವನು. ಕೆಲಸ ಬಿಟ್ಟು ಮನೆ ಸೇರಿದ ಮೇಲೆ ಅದೇ ಕೋಣೆಯ ಕಿಟಕಿಗೆ ಬೆಂಚು ಎಳೆದುಕೊಂಡು, ಹೋಗುವವರನ್ನು ಬರುವವರನ್ನು ಮಾತಾಡಿಸುತ್ತ ಉಳಿದ ದಿನ ಕಳೆಯುವುದೆಂದು ಗೊತ್ತುಮಾಡಿಕೊಂಡಿದ್ದ. ಆದರೆ ಮಾವ ಗೊತ್ತುಮಾಡಿಕೊಳ್ಳುವುದು ಒಂದು, ಸೊಸೆ ಗೊತ್ತುಮಾಡುವುದು ಇನ್ನೊಂದು.

ಸೊಸೆ ಒಂದು ನರ್ಸರಿಯಲ್ಲಿ ಟೀಚರಾಗಿದ್ದಳು. ಮಕ್ಕಳು ಕಡಿಮೆಯಾಗಿ ಆ ನರ್ಸರಿ ಬಾಗಿಲು ಹಾಕಿತು. ಕೊನೆಯ ಸಂಬಳಕ್ಕೆ ಕೈಯಲ್ಲಿ ಕಾಸಿಲ್ಲವೆಂದು ಮಾಲೀಕರು ಅಲ್ಲಿದ್ದ ಆಟದ ಇಟ್ಟಿಗೆಗಳ ಡಬ್ಬಗಳನ್ನು ಅವಳಿಗೆ ಕೊಟ್ಟು ಕೈ ತೊಳೆದುಕೊಂಡರು. ಕೆಂಪು, ಹಳದಿ, ನೀಲಿ ಪ್ಲಾಸ್ಟಿಕ್ ಇಟ್ಟಿಗೆಗಳು. ತಲೆಯ ಮೇಲೆ ಉಬ್ಬು, ಹೊಟ್ಟೆಯಲ್ಲಿ ಗುಳಿ. ಒಂದರ ಮೇಲೊಂದನ್ನು ಒತ್ತಿದರೆ ಕಟಕ್ಕೆಂದು ಕೂರುವಂಥವು. ಡಬ್ಬಗಳು ಬಾಗಿಲಲ್ಲಿ ಇಳಿದಾಗ ಮೇಸ್ತ್ರಿಯ ಹೆಂಡತಿ, "ಸಂಬಳ ಅಂತ ಆಟಿಕೆ ಹೊತ್ತು ತಂದವಳನ್ನ ಇದೇ ಮೊದಲು ನೋಡ್ತಿರೋದು" ಎಂದಳು.

ಸೊಸೆ ನಗಲಿಲ್ಲ. ಮಾರನೆಯ ದಿನವೇ ಮುಂದಿನ ಕೋಣೆ ಗುಡಿಸಿದಳು, ಬೆಂಚನ್ನು ಅಡುಗೆಮನೆಯ ಪಕ್ಕಕ್ಕೆ ಸಾಗಿಸಿದಳು, ಚಾಪೆ ಹಾಸಿದಳು, 'ಕಟ್ಟು-ಕಲಿ, ಶಾಲೆ ಬಿಟ್ಟ ಮೇಲೆ' ಎಂದು ಬರೆದ ಬೋರ್ಡನ್ನು ಬಾಗಿಲಿಗೆ ತೂಗುಹಾಕಿದಳು. ಮಾವನನ್ನು ಕೇಳಿದ್ದು ಬೆಂಚು ಆಚೆ ಹೋದ ಮೇಲೆ.

ಅಂದಿನಿಂದ ಅವರಿಬ್ಬರ ನಡುವೆ ನೇರ ಮಾತು ನಿಂತಿತು. ಮಾತೇ ನಿಂತಿತೆಂದಲ್ಲ, ಅದು ಅತ್ತೆಯ ಮೇಲೆ ಹಾದು ಓಡಾಡತೊಡಗಿತು.

"ನಿನ್ನ ಸೊಸೆಗೆ ಹೇಳು, ಸಾರಿಗೆ ಉಪ್ಪಿಲ್ಲ."

"ಅತ್ತೆ, ಮಾವನಿಗೆ ಹೇಳಿ, ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರೇ ಹೇಳಿದ್ದು."

"ಆ ಡಾಕ್ಟರ ಮನೆ ಗೋಡೆ ಕಟ್ಟಿದ್ದೂ ನಾನೇ ಅಂತ ಹೇಳು."

"ನಾನೇನು ಟೆಲಿಫೋನ್ ಕಂಬಾನಾ?" ಎಂದಳು ಹೆಂಡತಿ. "ನೀವಿಬ್ಬರೂ ತಂತಿ ಎಳ್ಕೊಂಡು ನೇರ ಮಾತಾಡ್ಕೊಳ್ಳಿ. ನನ್ನ ಅನ್ನ ಆರಿ ಹೋಗ್ತಿದೆ."

ಮಗ ಬಸ್ಸಿನ ಡ್ರೈವರು. ದಿನವಿಡೀ ಹಾರನ್ನು ಕೇಳಿ ಬಂದವನಿಗೆ ಮನೆಯಲ್ಲಿ ಯಾವ ಸದ್ದೂ ಬೇಕಿರಲಿಲ್ಲ. ತಟ್ಟೆಯ ಮೇಲೆ ಬಗ್ಗಿ ಉಂಡು, ಕೈ ತೊಳೆದು ಎದ್ದುಹೋಗುತ್ತಿದ್ದ. ಎದ್ದುಹೋಗುವಾಗ ಒಂದು ಮಾತು ಮಾತ್ರ ಬಿಟ್ಟು ಹೋಗುತ್ತಿದ್ದ: "ಆ ಟೈರ್ ಅಂಗಡಿಯವನು ಮತ್ತೆ ಕೇಳ್ತಿದ್ದ. ಮುಂದಿನ ರೂಮು ಕೊಟ್ರೆ ಒಳ್ಳೆ ಬಾಡಿಗೆ ಕೊಡ್ತಾನಂತೆ."

"ಇದು ಚೆನ್ನಾಗಿ ನಡೀಲಿ, ಆಮೇಲೆ ನೋಡೋಣ" ಎನ್ನುತ್ತಿದ್ದಳು ಸೊಸೆ.

"ನಡೀದಿದ್ರೆ?"

"ನಡೀದಿದ್ರೆ ಟೈರ್ ತುಂಬಿಸಿ. ನಾನೂ ಒಂದು ಮೂಲೇಲಿ ಉರುಳಿಕೊಂಡು ಇರ್ತೀನಿ."

ಮೇಸ್ತ್ರಿಗೆ ಟೈರೂ ಬೇಡ, ಪಾಠವೂ ಬೇಡ. ಅವನಿಗೆ ಅವನ ಕಿಟಕಿ ಬೇಕಿತ್ತು. ಆದರೆ ಕಿಟಕಿಗಿಂತ ಹೆಚ್ಚಾಗಿ ಅವನ ಹೊಟ್ಟೆ ಉರಿಸಿದ್ದು ಬೇರೆಯೇ ಒಂದು. ಸಂಜೆ ಪಾಠ ಮುಗಿಯುವ ಹೊತ್ತಿಗೆ ಸೊಸೆ ಚಪ್ಪಾಳೆ ತಟ್ಟಿ, "ಕೆಡವಿ" ಎನ್ನುತ್ತಿದ್ದಳು. ಅಷ್ಟೂ ಮಕ್ಕಳು ಕೇಕೆ ಹಾಕಿ, ತಾವೇ ಕಟ್ಟಿದ ಮನೆ, ಗೋಪುರ, ಹಡಗುಗಳನ್ನು ಬಡಬಡನೆ ಬಿಚ್ಚಿ, ಬಣ್ಣಕ್ಕೊಂದು ಡಬ್ಬದಲ್ಲಿ ಸುರಿಯುತ್ತಿದ್ದವು. ಒಂದು ಇಟ್ಟಿಗೆ ಇನ್ನೊಂದಕ್ಕೆ ಅಂಟಿಕೊಂಡು ಉಳಿಯಬಾರದು. ಅದು ಆ ತರಗತಿಯ ಕಟ್ಟಳೆ. ಆ ಸದ್ದು ಕೇಳಿದಾಗ ಮೇಸ್ತ್ರಿ ಅಡುಗೆಮನೆ ಪಕ್ಕದ ಬೆಂಚಿನಲ್ಲಿ ಕೂತು ಹಲ್ಲು ಕಚ್ಚುತ್ತಿದ್ದ.

"ಕಟ್ಟೋದು ಕಲಿಸ್ತಾಳಂತೆ. ಕಲಿಸ್ತಿರೋದು ಕೆಡವೋದು."

"ಮಾವನಿಗೆ ಹೇಳಿ ಅತ್ತೆ, ಕೆಡವದಿದ್ರೆ ನಾಳೆ ಕಟ್ಟೋಕೆ ಇಟ್ಟಿಗೆ ಎಲ್ಲಿಂದ ಬರುತ್ತೆ?"

"ಹಾಗಂದ್ಕೊಂಡು ನಾನು ಊರಿನ ಮನೆಗಳನ್ನೆಲ್ಲ ಸಂಜೆ ಸಂಜೆ ಕೆಡವಿಕೊಂಡು ಬಂದಿದ್ರೆ ಇವಳ ಗಂಡ ಏನು ತಿಂದು ದೊಡ್ಡವನಾಗ್ತಿದ್ದ ಅಂತ ಕೇಳು."

ಹಾಗೆಂದು ಅವನ ಕಿವಿ ಆ ಕೋಣೆಯಿಂದ ಆಚೆ ಹೋಗುತ್ತಿತ್ತೆಂದಲ್ಲ. ಬಾಗಿಲ ಸಂದಿಯಿಂದ ಒಂದೊಂದು ಆಟ ಅವನ ಕಣ್ಣಿಗೂ ಬೀಳುತ್ತಿತ್ತು. ಒಂದು ದಿನ ಮಕ್ಕಳನ್ನು ಇಬ್ಬಿಬ್ಬರಾಗಿ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದ್ದಳು. ಒಬ್ಬ ಕಟ್ಟುತ್ತ ಬಾಯಲ್ಲಿ ಹೇಳಬೇಕು, ಇನ್ನೊಬ್ಬ ತಿರುಗಿ ನೋಡದೆ ಮಾತು ಕೇಳಿಯೇ ಅದನ್ನು ಕಟ್ಟಬೇಕು. "ಕೆಂಪು ಇಡು." "ಎಲ್ಲಿ?" "ಅಲ್ಲಿ." "ಅಲ್ಲಿ ಅಂದ್ರೆ ಎಲ್ಲಿ, ನನ್ನ ತಲೆ ಮೇಲಾ?" ಮಕ್ಕಳು ಜಗಳವಾಡಿ, ಜಗಳದಲ್ಲೇ ಎಡ, ಬಲ, ಅಡ್ಡ, ಉದ್ದ ಎಲ್ಲ ಕಲಿತವು. ಇನ್ನೊಂದು ದಿನ ಅರ್ಧ, ಕಾಲು, ಮುಕ್ಕಾಲು ಎಂದು ಉಬ್ಬು ಎಣಿಸಿ ಇಟ್ಟಿಗೆ ಹೊಂದಿಸುತ್ತಿದ್ದವು. ಮೇಸ್ತ್ರಿ ಕೂತಲ್ಲೇ ತನಗೆ ತಿಳಿಯದೆ ಬೆರಳು ಮಡಿಸುತ್ತಿದ್ದ. ಹೆಂಡತಿ ಅದನ್ನು ನೋಡಿ, "ಒಳಗೆ ಹೋಗಿ ಸೇರ್ಕೊಳ್ಳಿ, ಫೀಸು ನಾನು ಕೊಡ್ತೀನಿ" ಎಂದಾಗ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಮೊಮ್ಮಗಳೂ ಆ ತರಗತಿಯಲ್ಲೇ ಕೂರುತ್ತಿದ್ದಳು. ಸಣಕಲಿ, ಮನೆಯವರು ಕರೆಯುತ್ತಿದ್ದುದು ಕಡ್ಡಿ ಎಂದು. ಹೆಸರಿಗೆ ತಕ್ಕ ಹಾಗೆ ಕಡ್ಡಿ ಮುರಿದಂತೆ ಮಾತು. ಒಂದು ಸಂಜೆ ಸೊಸೆ ಮಕ್ಕಳಿಗೆ, "ನಿಮ್ಮನೇಲಿರೋ ಒಬ್ಬರನ್ನ ಕಟ್ಟಿ. ಮೂಗು, ಕಣ್ಣು ಏನೂ ಬೇಡ. ಆದ್ರೂ ನೋಡಿದವರಿಗೆ ಅವರು ಹೇಗೆ ಅಂತ ಗೊತ್ತಾಗ್ಬೇಕು" ಎಂದಳು. ಒಬ್ಬ ಹುಡುಗ ಗಾಲಿಯ ಮೇಲೆ ಗೋಪುರ ಕಟ್ಟಿ, ಇದು ನಮ್ಮಮ್ಮ, ನಿಲ್ಲೋದೇ ಇಲ್ಲ ಎಂದ. ಕಡ್ಡಿ ಒಂದು ಗೋಡೆ ಕಟ್ಟಿದಳು. ಸುತ್ತಲೂ ಎತ್ತರದ ಗೋಡೆ, ಬಾಗಿಲಿಲ್ಲ, ಕಿಟಕಿಯಿಲ್ಲ.

"ಇದು ಯಾರಮ್ಮ?" ಎಂದಳು ತಾಯಿ.

"ತಾತ."

ಮಕ್ಕಳು ನಕ್ಕವು. ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ಮೇಸ್ತ್ರಿಗೆ ಮಕ್ಕಳ ನಗು ಕೇಳಿಸಲಿಲ್ಲ. ಸೊಸೆಯ ತುಟಿಯ ಅಂಚು ಮೇಲೆದ್ದದ್ದು ಮಾತ್ರ ಕಂಡಿತು.

ಆ ದಿನದ ಊಟದಲ್ಲಿ ತಂತಿ ಕಂಬ ದಾಟಿ ನೇರವಾಗಿಯೇ ಹರಿಯಿತು.

"ಮನೆ ಹಿರಿಯನನ್ನ ಆಡಿಕೊಳ್ಳೋದನ್ನ ಕಲಿಸೋಕೆ ನನ್ನ ಕೋಣೆ ಬೇಕಿತ್ತಾ ನಿನಗೆ?"

"ನಾನು ಹೇಳಿಕೊಟ್ಟಿಲ್ಲ ಮಾವ. ಮಗು ಕಂಡದ್ದನ್ನ ಕಟ್ಟಿತು."

"ಕಟ್ಟೋದು ಅಂದ್ರೆ ಏನು ಅಂತ ಗೊತ್ತಾ ನಿನಗೆ? ಗೊಂಬೆ ಇಟ್ಟಿಗೆ ಇಟ್ಕೊಂಡು ಟೀಚರಂತೆ, ಪಾಠವಂತೆ. ಒಂದು ಗೋಡೆ ನಿಲ್ಲಿಸು ನೋಡೋಣ. ಸಂಜೆಗೆ ಕೆಡವದೇ ಇರೋ ಒಂದೇ ಒಂದು ಗೋಡೆ."

ಸೊಸೆ ಸೌಟನ್ನು ಪಾತ್ರೆಯಲ್ಲಿಟ್ಟಳು. "ಕೆಡವೋ ಮಾತು ನೀವು ಆಡಬೇಡಿ ಮಾವ. ನಿಮ್ಮ ಕೊನೇ ಗೋಡೆನ ಯಾರು ಕೆಡವಿಸಿದ್ರು, ಯಾಕೆ ಕೆಡವಿಸಿದ್ರು ಅಂತ ಈ ಮನೇಲಿ ಎಲ್ಲರಿಗೂ ಗೊತ್ತು. ಮಂಡಿ ನೋವು ಅಂತ ಕೆಲಸ ಬಿಟ್ರಿ ಅಂತ ನಾವೂ ನಂಬಿದ ಹಾಗೆ ಇದ್ದೀವಿ, ಅಷ್ಟೇ."

ಮಗ ತಲೆ ಎತ್ತಿ, ಮತ್ತೆ ಬಗ್ಗಿಸಿದ.

ನಿಜವೇ. ಮೇಸ್ತ್ರಿಯ ಕಣ್ಣು ಮಂಜಾಗುತ್ತ ಬಂದಿತ್ತು. ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡಿನ ದಾರ ಅವನಿಗೆ ಎರಡಾಗಿ ಕಾಣುತ್ತಿತ್ತು. ಯಾವ ದಾರ ನಂಬಬೇಕೋ ತಿಳಿಯದೆ ಎರಡರ ನಡುವೆ ಗೋಡೆ ಎಬ್ಬಿಸಿದ್ದ. ಗೋಡೆ ಆಚೆಗೆ ವಾಲಿತು. ಕಂಟ್ರಾಕ್ಟರು ಬೈಯಲೂ ಇಲ್ಲ; ಕೂಲಿಯವರನ್ನು ಕರೆದು ಅವನ ಎದುರಿಗೇ ಅದನ್ನು ಉರುಳಿಸಿದ. ಮೇಸ್ತ್ರಿ ಕರಣೆ ತೊಳೆದು, ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದು, ಮಂಡಿ ನೋವು ಎಂದಿದ್ದ. ಅದನ್ನು ಇಷ್ಟು ದಿನ ಅವನ ಜೊತೆ ಮೇಲಿರುವವನೊಬ್ಬನೇ ಬಲ್ಲ ಎಂದುಕೊಂಡಿದ್ದ.

"ಏಳ್ರೀ, ಕೈ ತೊಳ್ಕೊಳ್ಳಿ" ಎಂದಳು ಹೆಂಡತಿ, ಮೆಲ್ಲಗೆ.

"ಊಟ ಆಗಿಲ್ಲ" ಎಂದ ಮೇಸ್ತ್ರಿ. ಆದರೂ ಎದ್ದ.

ಆಮೇಲೆ ವಾರ ಕಳೆದರೂ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸೊಸೆ ತಟ್ಟೆಯನ್ನು ಅವನ ಮುಂದೆ ಇಟ್ಟು ತಿರುಗಿ ನೋಡದೆ ಹೋಗುತ್ತಿದ್ದಳು. ಅವನು ಅರ್ಧ ಉಂಡು ತಟ್ಟೆ ತಳ್ಳುತ್ತಿದ್ದ. ಒಗೆದ ಬಟ್ಟೆಯನ್ನು ಅವಳು ಹಗ್ಗದ ಒಂದು ತುದಿಯಲ್ಲಿ ಒಣಹಾಕಿದರೆ, ಅವನು ತನ್ನ ಅಂಗಿಯನ್ನು ತಾನೇ ಹಿಂಡಿ ಇನ್ನೊಂದು ತುದಿಯಲ್ಲಿ ಹಾಕುತ್ತಿದ್ದ. "ಹಗ್ಗದ ನಡುವೆ ಬೇಲಿ ಹಾಕಿಸ್ತೀನಿ ಇರಿ" ಎಂದ ಹೆಂಡತಿಯ ಮಾತಿಗೂ ಯಾರೂ ನಗಲಿಲ್ಲ.

ಹೀಗಿರುವಾಗ ಹೆಡ್ ಮೇಡಂ ವಿಷಯ ಬಂತು. ಬೀದಿಯ ಕೊನೆಯ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಇಟ್ಟಿಗೆ ಆಟದ ತರಗತಿ ತೆರೆಯುವುದಿತ್ತು. ಅದಕ್ಕೆ ಒಬ್ಬ ಟೀಚರು ಬೇಕಿತ್ತು. ಹೆಡ್ ಮೇಡಂ ಸೊಸೆಯ ಪಾಠ ನೋಡಲು ಮನೆಗೇ ಬರುವವರಿದ್ದರು. ಮನಸ್ಸಿಗೆ ಬಂದರೆ ಖಾಯಂ ಕೆಲಸ, ತಿಂಗಳು ತಿಂಗಳು ಸಂಬಳ, ಶಾಲೆಯಲ್ಲೇ ಕೋಣೆ. ಸೊಸೆ ಅದನ್ನು ಗಂಡನಿಗೆ ಹೇಳಿದಳು, ಅತ್ತೆಗೆ ಹೇಳಿದಳು, ಮಾವನಿಗೆ ಹೇಳಲಿಲ್ಲ. ಮೇಸ್ತ್ರಿ ಹೆಂಡತಿಯನ್ನು ಕೇಳಿದ:

"ಏನಂತೆ ಅವಳದು? ಗುಡಿಸಿದ್ದೇ ಗುಡಿಸಿದ್ದು, ಒರೆಸಿದ್ದೇ ಒರೆಸಿದ್ದು."

"ಹೆಡ್ ಮೇಡಂ ಬರ್ತಾರಂತೆ, ನಾಳೆ. ಮಕ್ಕಳು ಅದೇನೋ ಸೇತುವೆ ಕಟ್ಟಿದಾವಲ್ಲ, ಅದನ್ನ ನೋಡೋಕೆ. ಚೆನ್ನಾಗಿದ್ರೆ ಕೆಲಸ ಕೊಡ್ತಾರಂತೆ."

"ಶಾಲೆಯಲ್ಲಾ?"

"ಹೂಂ. ನಿಮ್ಮ ಕಿಟಕಿ ನಿಮಗೆ ವಾಪಸ್ ಬರುತ್ತೆ. ದೇವರಿಗೆ ದೀಪ ಹಚ್ಚಿ."

ಹೆಂಡತಿ ಕೇಳಿಸಿಕೊಂಡದ್ದು ಅಷ್ಟೇ, ಹೇಳಿದ್ದೂ ಅಷ್ಟೇ.

ಸೊಸೆ ಎಂದೂ ಇಲ್ಲದೆ ಆ ಸಂಜೆ "ಕೆಡವಿ" ಎಂದಿರಲಿಲ್ಲ. ಸೇತುವೆಯನ್ನು ಒಂದು ಹಲಗೆಯ ಮೇಲೆ ಹಾಗೇ ಉಳಿಸಿದ್ದಳು. ಮಾರನೆಯ ದಿನ ಮಧ್ಯಾಹ್ನ ಅವಳು ಮಗಳನ್ನು ಕರೆದುಕೊಂಡು ಕಾಗದ, ಬಣ್ಣ ತರಲು ಪೇಟೆಗೆ ಹೋದಾಗ ಮೇಸ್ತ್ರಿ ಮುಂದಿನ ಕೋಣೆಗೆ ಹೋದ. ಸೇತುವೆಯ ಸುತ್ತ ಒಂದು ಸುತ್ತು ಬಂದ. ಬಗ್ಗಿ ನೋಡಿದ. ಒಂದು ಕಂಬವನ್ನು ಕಿರುಬೆರಳಲ್ಲಿ ಮುಟ್ಟಿದ. ಮುಟ್ಟಿದ್ದಷ್ಟೇ, ಕಂಬ ಕಳಚಿ ಹಲಗೆಯ ಮೇಲೆ ಉರುಳಿತು.

ಮೇಸ್ತ್ರಿ ಅಲ್ಲೇ ಕುಕ್ಕರಗಾಲಲ್ಲಿ ಕೂತ. ದೊಡ್ಡವರು ಬಂದು ನೋಡುವಾಗ ಇದು ಹೀಗೆ ಉರುಳಿದರೆ? ಮೇಸ್ತ್ರಿಯ ಮನೆಯಲ್ಲಿ ಸೇತುವೆ ಬಿತ್ತಂತೆ ಎಂದು ಊರೆಲ್ಲ ಆಡಿಕೊಳ್ಳುವುದಿಲ್ಲವೇ? ಅವಳಿಗೂ ಕೆಲಸ ಹೋಯಿತು. ಅವನ ಕಿಟಕಿಯೂ ಹೋಯಿತು. ಮತ್ತೆ ಒಂದು ಯೋಚನೆ, ಅದನ್ನು ಅವನು ಪೂರ್ತಿ ಯೋಚಿಸಲಿಲ್ಲ: ನೀನು ಅಂದದ್ದನ್ನು ಅಂದೆ, ನಾನು ಮಾಡುವುದನ್ನು ನೋಡು.

ಅಟ್ಟದ ಮೇಲೆ ನೀರಿನ ಪೈಪು ಜೋಡಿಸುವ ಅಂಟಿನ ಡಬ್ಬಿ ಇತ್ತು. ಪ್ಲಾಸ್ಟಿಕ್ಕನ್ನು ಪ್ಲಾಸ್ಟಿಕ್ಕಿಗೆ ಕರಗಿಸಿ ಒಂದು ಮಾಡುವ ಅಂಟು. ಅದನ್ನು ಇಳಿಸಿದ. ಬಾಗಿಲು ಮುಂದೆ ಮಾಡಿದ. ಮೊದಲ ಇಟ್ಟಿಗೆ ಇಡುವ ಮುಂಚೆ ಕಣ್ಣು ಮುಚ್ಚುವುದು ಅವನ ಅಭ್ಯಾಸ, ಮುಚ್ಚಿದ. "ನಿನ್ನ ಹೆಸರಲ್ಲಿ" ಎಂದ. ಆಮೇಲೆ ಸೇತುವೆಯನ್ನು ಪೂರ್ತಿ ಬಿಚ್ಚಿ, ಅಡಿಯಿಂದ ಮತ್ತೆ ಎಬ್ಬಿಸಿದ. ಬೆಂಕಿಕಡ್ಡಿಯ ತುದಿಯಿಂದ ಅಂಟು ಸವರಿ, ಒತ್ತಿ, ಉಸಿರು ಬಿಗಿಹಿಡಿದು, ಮುಂದಿನದು. ಮಕ್ಕಳು ಸಂದಿನ ಮೇಲೆ ಸಂದು ತಂದಿದ್ದವು. ಅವನು ಸಂದು ತಪ್ಪಿಸಿ, ಒಂದರ ನಡುವಿಗೆ ಇನ್ನೊಂದರ ಅಂಚು ಕೂರಿಸಿದ. ಕಣ್ಣಿಗೆ ಮಂಜು, ಆದರೆ ಬೆರಳಿಗೆ ಮಂಜು ಇರಲಿಲ್ಲ. ಒಂದು ತೊಟ್ಟು ಅಂಟೂ ಹೊರಗೆ ಕಾಣಲಿಲ್ಲ. ಮುಗಿಸಿ ಎದ್ದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಕಂಬವನ್ನು ಹಿಡಿದು ಅಲುಗಿಸಿದ. ಸೇತುವೆ ಹಲಗೆಯ ಸಮೇತ ಅಲುಗಿತು, ಕಳಚಲಿಲ್ಲ. ಗೋಡೆ ಉರುಳಿದ ದಿನದಿಂದ ಅವನಿಗೆ ಅಷ್ಟು ಸಮಾಧಾನ ಆಗಿರಲಿಲ್ಲ. ಪೇಟೆಯಿಂದ ಬಂದ ಸೊಸೆಗೆ ಏನೂ ಹೇಳಲಿಲ್ಲ. ಹೇಳಲು ಅವರ ನಡುವೆ ಮಾತೇ ಇರಲಿಲ್ಲವಲ್ಲ.

ಹೆಡ್ ಮೇಡಂ ಸಂಜೆ ಬಂದರು. ದಪ್ಪ ಕನ್ನಡಕದ, ಮೆತ್ತಗೆ ಮಾತಾಡುವ ಹೆಂಗಸು. ಕುರ್ಚಿ ಬೇಡವೆಂದು ಚಾಪೆಯ ಮೇಲೆಯೇ ಮಕ್ಕಳ ಸಾಲಿನಲ್ಲಿ ಕೂತರು. ಹೆಂಡತಿ ಚಹಾ ಕೊಟ್ಟಳು. ಮೇಸ್ತ್ರಿ ಒಗೆದ ಅಂಗಿ ತೊಟ್ಟು ಬಾಗಿಲಿಗೊರಗಿ ನಿಂತ.

ಸೊಸೆ ಒಂದು ಆಟದ ಬಸ್ಸನ್ನು ಮಕ್ಕಳ ಮುಂದಿಟ್ಟಳು. "ನಿನ್ನೆ ಕಟ್ಟಿದ ಸೇತುವೆ ಕೆಳಗೆ ಚಿಕ್ಕ ಕಾರು ಹೋಯ್ತು. ಈಗ ಊರಿಗೆ ದೊಡ್ಡ ಬಸ್ಸು ಬಂದಿದೆ. ಬಸ್ಸು ಹೋಗೋದಿಲ್ಲ. ಏನು ಮಾಡೋಣ?"

"ಬಸ್ಸಿನ ತಲೆ ಕತ್ತರಿಸೋಣ" ಎಂದ ಒಬ್ಬ.

"ನಮ್ಮಪ್ಪ ಓಡಿಸೋ ಬಸ್ಸು, ಮುಟ್ಟಿ ನೋಡು" ಎಂದಳು ಕಡ್ಡಿ. "ಕಂಬ ಬಿಚ್ಚಿ ಎತ್ತರ ಮಾಡ್ಬೇಕು."

ಹೆಡ್ ಮೇಡಂ ನಕ್ಕು, "ಮಾಡಿ, ನೋಡೋಣ" ಎಂದರು.

ಆಗ ಮೇಸ್ತ್ರಿಗೆ ತಿಳಿಯಿತು. ಮೇಡಂ ನೋಡಲು ಬಂದದ್ದು ಸೇತುವೆಯನ್ನಲ್ಲ. ಬಿಚ್ಚುವುದನ್ನು.

ಕಡ್ಡಿ ಕಂಬ ಹಿಡಿದು ಎಳೆದಳು. ಬರಲಿಲ್ಲ. ಇನ್ನೊಬ್ಬ ಬಂದು ಹಿಡಿದ. ಇಬ್ಬರೂ ಸೇರಿ ಎಳೆದರು. ಮೇಲಿನ ಹಾಸನ್ನು ಕೀಳಲು ನೋಡಿದರು, ಹಲ್ಲಿನಲ್ಲಿ ಕಚ್ಚಿದರು. ಮಕ್ಕಳೆಲ್ಲ ಒಟ್ಟಾಗಿ ಬಂದು, ಒಬ್ಬರ ಕೈಮೇಲೆ ಒಬ್ಬರು ಬಿದ್ದು ಎಳೆದಾಗ ಸೇತುವೆ ನಡುವೆ ಲಟಕ್ಕೆಂದು ಸೀಳಿತು. ಸಂದಿನಲ್ಲಲ್ಲ, ಇಟ್ಟಿಗೆಯ ಮೈಯಲ್ಲೇ. ಸೀಳಿದ ಅಂಚು ತಾಗಿ ಒಂದು ಪುಟ್ಟ ಮಗುವಿನ ಬೆರಳು ಕೊಯ್ದು ರಕ್ತ ಬಂತು. ಮಗು ಅಳಲು ಶುರುಮಾಡಿತು.

ಸೊಸೆ ಮಗುವಿನ ಬೆರಳನ್ನು ತನ್ನ ಸೆರಗಿನಲ್ಲಿ ಒತ್ತಿ ಹಿಡಿದಳು. ಮುರಿದ ತುಂಡನ್ನು ಎತ್ತಿ ನೋಡಿದಳು. ಮೂಸಿದಳು. ಆಮೇಲೆ ತಲೆಯೆತ್ತಿ ಬಾಗಿಲ ಕಡೆ ನೋಡಿದಳು.

ಮೇಸ್ತ್ರಿ ಬಾಯಿ ತೆರೆದ.

"ಇದಕ್ಕೆ ಯಾರೋ ಅಂಟು ಹಾಕಿದ್ದಾರೆ" ಎಂದರು ಹೆಡ್ ಮೇಡಂ, ತುಂಡನ್ನು ತಿರುಗಿಸಿ.

"ನಾನೇ ಹಾಕಿದೆ" ಎಂದಳು ಸೊಸೆ.

"ನೀವು ಬರ್ತೀರ ಅಂತ... ಬಿದ್ದುಹೋಗುತ್ತೇನೋ ಅಂತ ಹೆದರಿದೆ ಮೇಡಂ."

ಮೇಸ್ತ್ರಿಯ ಬಾಯಿ ತೆರೆದೇ ಇತ್ತು. ಒಂದೇ ಮಾತು ಸಾಕಿತ್ತು. ಆ ಮಾತು ಗಂಟಲವರೆಗೆ ಬಂದು, ಅಲ್ಲಿ ಅವನ ಎದುರೇ ಉರುಳಿದ ಗೋಡೆಯನ್ನು ಕಂಡು, ಹಿಂದಕ್ಕೆ ಹೋಯಿತು. ಅವನು ಬಾಯಿ ಮುಚ್ಚಿದ.

ಹೆಡ್ ಮೇಡಂ ಗದರಲಿಲ್ಲ. ಚಹಾದ ಲೋಟ ಕೆಳಗಿಟ್ಟು ಎದ್ದರು. "ಬಿದ್ದಿದ್ರೆ ನನಗೆ ಏನೂ ಅನ್ನಿಸ್ತಿರಲಿಲ್ಲಮ್ಮ. ಮಕ್ಕಳು ಮತ್ತೆ ಕಟ್ಟೋದನ್ನ ನೋಡ್ತಿದ್ದೆ. ಬೀಳೋದಕ್ಕೆ ಹೆದರೋರು ಈ ಪಾಠ ಹೇಗೆ ಮಾಡ್ತೀರಿ?" ಎಂದರು. ಹೋಗುವಾಗ ಬಾಗಿಲಲ್ಲಿದ್ದ ಹಿರಿಯನಿಗೆ ಕೈ ಮುಗಿದರು. ಮೇಸ್ತ್ರಿಯೂ ಮುಗಿದ.

ಮಕ್ಕಳು ಹೋದ ಮೇಲೆ ಸೊಸೆ ಅವನ ಮುಂದೆ ಬಂದು ನಿಂತಳು.

"ಹೊರಗಿನವರ ಮುಂದೆ ಮನೆಯವರನ್ನ ಬಿಟ್ಟುಕೊಡೋದನ್ನ ನನ್ನ ತಾಯಿ ನನಗೆ ಕಲಿಸಿಲ್ಲ ಮಾವ. ನಿಮಗೆ ಯಾರು ಕಲಿಸಿದ್ರು?"

"ನಾನು ಒಳ್ಳೇದಕ್ಕೇ..."

"ಅಂಟಿನ ಮಾತಲ್ಲ ನಾನು ಕೇಳ್ತಿರೋದು. ಅಂಟು ಹಾಕಿದ್ದು ಒಳ್ಳೇದಕ್ಕೇ ಇರಬಹುದು. ಸುಮ್ಮನಿದ್ರಲ್ಲ, ಅದು ಯಾವ ಒಳ್ಳೇದಕ್ಕೆ?"

ಅವಳು ಬೋರ್ಡು ಇಳಿಸಿದಳು. ಇಟ್ಟಿಗೆಗಳನ್ನು ಡಬ್ಬಕ್ಕೆ ತುಂಬಿ ಹಗ್ಗ ಬಿಗಿದಳು. ಮಾರನೆಯ ದಿನ ಬಂದ ಮಕ್ಕಳಿಗೆ, "ಪಾಠ ಇಲ್ಲ" ಎಂದು ಬಾಗಿಲಲ್ಲೇ ಹೇಳಿ ಕಳಿಸಿದಳು.

"ನೀವು ಅಂಟು ಇಟ್ಟಿಗೆಗೆ ಹಾಕಿದ್ರೋ, ನಾಲಿಗೆಗೆ ಹಾಕ್ಕೊಂಡ್ರೋ?" ಎಂದಳು ಹೆಂಡತಿ. ಅವಳ ಮಾತಿನಲ್ಲಿ ಅಂದು ತಮಾಷೆ ಇರಲಿಲ್ಲ. ತಟ್ಟೆಯನ್ನು ಅವನ ಮುಂದೆ ಕುಕ್ಕಿ, ತಾನು ಹೋಗಿ ಸೊಸೆಯ ಪಕ್ಕದಲ್ಲಿ ಕೂತು ಉಂಡಳು. ಕಡ್ಡಿ ತಾತನ ಕೈಯಿಂದ ನೀರು ತೆಗೆದುಕೊಳ್ಳುವುದನ್ನೂ ಬಿಟ್ಟಳು. "ನನಗೆ ಬಾಯಾರಿಲ್ಲ" ಎನ್ನುತ್ತಿದ್ದಳು. ಅವನು ತಿರುಗಿದ ಕೂಡಲೇ ತಾನೇ ಹೋಗಿ ಕುಡಿಯುತ್ತಿದ್ದಳು.

ಸೊಸೆ ಔಷಧಿಯ ಗೋದಾಮಿನಲ್ಲಿ ಕೆಲಸ ಹಿಡಿದಳು. ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸ. ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಬೆರಳ ತುದಿಯ ಗೋಂದನ್ನು ಉಜ್ಜಿ ಉಜ್ಜಿ ತೊಳೆಯುತ್ತ, "ಅತ್ತೆ, ಅಲ್ಲಿಯ ಮೇಲ್ವಿಚಾರಕ ನನ್ನ ಮೆಚ್ಚಿಕೊಂಡ. ಅಂಟಿಸೋದು ಎಲ್ಲಿ ಕಲಿತೆ ಅಂದ. ನಮ್ಮನೇಲೇ ಅಂದೆ" ಎಂದಳು. ಮೇಸ್ತ್ರಿ ಅಡುಗೆಮನೆ ಪಕ್ಕದ ಬೆಂಚಿನಲ್ಲಿ ಕೂತು ಕೇಳಿದ. ಮುಂದಿನ ಕೋಣೆ ಖಾಲಿ ಬಿದ್ದಿತ್ತು. ಬೆಂಚನ್ನು ಒಳಗೆ ಎಳೆದುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಅವನು ಎಳೆದುಕೊಳ್ಳಲಿಲ್ಲ.

ಒಂದು ದಿನ ಯಾರಿಗೂ ಹೇಳದೆ ಶಾಲೆಗೆ ಹೋದ. ಹೆಡ್ ಮೇಡಂ ಕೋಣೆಯಲ್ಲಿ, ಕೂರಿ ಎಂದರೂ ಕೂರದೆ, ನಿಂತುಕೊಂಡೇ ಎಲ್ಲ ಹೇಳಿದ. ಅವರು ಕನ್ನಡಕ ತೆಗೆದು ಒರೆಸಿದರು.

"ನೀವಾ?"

"ನಾನೇ ಮೇಡಂ. ಅವಳಿಗೆ ಗೊತ್ತೂ ಇರಲಿಲ್ಲ. ಬೇಕಾದರೆ ನನಗೆ ಬೈದುಬಿಡಿ."

"ಬೈದು ಏನು ಮಾಡಲಿ? ಬೇರೆ ಟೀಚರನ್ನ ತಗೊಂಡಾಯ್ತು. ಅವರು ಬಂದು ಪಾಠ ಶುರುವಾಗಿದೆ." ಕನ್ನಡಕ ಮತ್ತೆ ಹಾಕಿಕೊಂಡು, "ಅವತ್ತು ಬಾಗಿಲಲ್ಲೇ ಇದ್ರಲ್ಲ ನೀವು" ಎಂದರು.

"ಇದ್ದೆ" ಎಂದ ಮೇಸ್ತ್ರಿ.

ಹಿಂದಿರುಗುವಾಗ ಯಾವುದೋ ಕಿಟಕಿಯಿಂದ ಮಕ್ಕಳ ಕೇಕೆ, ಪ್ಲಾಸ್ಟಿಕ್ ಇಟ್ಟಿಗೆ ಡಬ್ಬಕ್ಕೆ ಸುರಿಯುವ ಸದ್ದು ಕೇಳಿಸಿತು. ಇನ್ಯಾರೋ ಅಲ್ಲಿ "ಕೆಡವಿ" ಎಂದಿರಬೇಕು. ಮನೆಗೆ ಬಂದು, ಎಲ್ಲಿಗೆ ಹೋಗಿದ್ರಿ ಎಂದ ಹೆಂಡತಿಗೆ, ಕಾಲಾಡಿಸಿಕೊಂಡು ಬಂದೆ ಎಂದ. ಆ ದಿನ ತುಂಬ ಹೊತ್ತು ಕಣ್ಣು ಮುಚ್ಚಿ ಕೂತ. ಅವನು ಕೇಳಿದ್ದೇನೋ, ಮೇಲಿರುವವನು ಹೇಳಿದ್ದೇನೋ, ಅದು ಅವರಿಬ್ಬರಿಗೇ ಗೊತ್ತು.

ಸೊಸೆಗೆ ವಾರದ ರಜೆ ಇದ್ದ ದಿನ ಮಗ ಟೈರ್ ಅಂಗಡಿಯವನನ್ನು ಕರೆತಂದ. ಅವನು ಟೇಪು ಬಿಚ್ಚಿ ಮುಂದಿನ ಕೋಣೆಯ ಅಳತೆ ತೆಗೆಯತೊಡಗಿದ.

"ಬಾಗಿಲು ಸ್ವಲ್ಪ ಅಗಲ ಮಾಡಿಸಬೇಕಾಗುತ್ತೆ. ಗೋಡೆ ಗಟ್ಟಿ ಇದೆ ತಾನೆ?"

"ಅಪ್ಪನೇ ಕಟ್ಟಿದ್ದು" ಎಂದ ಮಗ. "ಮೂಲೇಲಿರೋ ಡಬ್ಬ ನಾಳೆ ತೆಗೆಸ್ತೀನಿ. ಯಾರಿಗಾದ್ರೂ ಕೊಟ್ಟುಬಿಡ್ತೀವಿ."

ಸೊಸೆ ಒಳಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು. ಕಡ್ಡಿ ಅವಳ ಸೀರೆಯ ಹಿಂದೆ ನಿಂತು, ಹಗ್ಗ ಬಿಗಿದ ಡಬ್ಬಗಳನ್ನು ನೋಡುತ್ತಿದ್ದಳು.

ಮೇಸ್ತ್ರಿ ಬೀದಿ ಬಾಗಿಲಿಗೆ ಬಂದ.

"ಟೇಪು ಮಡಚಪ್ಪ."

"ಏನಂದ್ರಿ ಯಜಮಾನ್ರೇ?"

"ಕೋಣೆ ಖಾಲಿ ಇಲ್ಲ. ಇಲ್ಲಿ ಮಕ್ಕಳ ಪಾಠ ನಡೀತದೆ."

"ಯಾವ ಪಾಠ ಅಪ್ಪ?" ಎಂದ ಮಗ. "ಪಾಠ ನಿಂತು ಎಷ್ಟು ದಿನ ಆಯ್ತು? ಊರಿಗೆಲ್ಲ ಗೊತ್ತು, ಇವಳು ಅಂಟು ಹಾಕಿ ಮೇಡಂ ಮುಂದೆ..."

"ಅಂಟು ಹಾಕಿದ್ದು ಇವಳಲ್ಲ." ಮೇಸ್ತ್ರಿ ಮಗನನ್ನು ನೋಡಲಿಲ್ಲ, ಟೈರ್ ಅಂಗಡಿಯವನ ಮುಖವನ್ನೇ ನೋಡಿ ಹೇಳಿದ. "ನಾನು. ನಾನು ಹಾಕಿ, ಅವಳು ತನ್ನ ಮೇಲೆ ಹಾಕ್ಕೊಂಡಾಗ ಬಾಯಿ ಮುಚ್ಕೊಂಡು ನಿಂತೆ. ಕಣ್ಣು ಕಾಣದೆ ಗೋಡೆ ಕೆಡಿಸಿ ಕೆಲಸ ಬಿಟ್ಟವನು ನಾನು, ಮಂಡಿ ನೋವಿಗಲ್ಲ. ಮಂಡಿ ಚೆನ್ನಾಗೇ ಇದೆ. ಅಂಗಡೀಲಿ ನಾಲ್ಕು ಜನ ಕೂರ್ತಾರಲ್ಲ, ಅವರಿಗೂ ಹೇಳು. ಹೆಂಗೂ ಹೇಳ್ತೀಯ, ಸರಿಯಾಗಿ ಹೇಳು."

ಟೈರ್ ಅಂಗಡಿಯವನು ಟೇಪನ್ನು ಸರ್ರನೆ ಒಳಗೆಳೆದುಕೊಂಡ. ಚಪ್ಪಲಿ ಮೆಟ್ಟಿ, ಮಗನ ಕಡೆ ಒಮ್ಮೆ ನೋಡಿ, ಹೊರಟುಹೋದ. ಮಗ, "ಬಾಡಿಗೆ ಬರೋದಿತ್ತು" ಎಂದಷ್ಟೇ ಅಂದು ಅವನ ಹಿಂದೆ ಬೀದಿಗಿಳಿದ.

ಒಳಗೆ ಹೆಂಡತಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದ್ದಳು. ಸೊಸೆ ಮೊರವನ್ನು ಕೆಳಗಿಟ್ಟಳು.

"ಇಷ್ಟಕ್ಕೇ ನಾನು ಕರಗಿಬಿಡ್ತೀನಿ ಅಂದ್ಕೋಬೇಡಿ ಮಾವ."

"ಕರಗಬೇಡ. ಪಾಠ ಮಾಡು."

"ಶಾಲೆ ಕೆಲಸ ಹೋದದ್ದು ಹೋಯ್ತು. ಅದು ವಾಪಸ್ ಬರಲ್ಲ."

"ಬರಲ್ಲ. ಕೇಳ್ಕೊಂಡು ಬಂದಿದ್ದೀನಿ."

ಅವಳು ಅವನ ಮುಖ ನೋಡಿದಳು. ಆಮೇಲೆ ಮಗಳನ್ನು ಪಕ್ಕಕ್ಕೆ ಸರಿಸಿ, ಮೂಲೆಗೆ ಹೋಗಿ, ಮೊದಲ ಡಬ್ಬದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

"ಮಾಡ್ತೀನಿ. ಆದ್ರೆ ಒಂದು ಮಾತು. ನಾನು ಕರೆಯೋವರೆಗೂ ನೀವು ಈ ಕೋಣೆಗೆ ಕಾಲಿಡಬಾರದು."

"ಇಡಲ್ಲ" ಎಂದ ಮೇಸ್ತ್ರಿ.

ಅವನ ಒಂದು ಕಾಲು ಆಗಲೇ ಹೊಸಿಲಿನ ಒಳಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡ.